ಹತ್ತಿರ ಬಂದ ನಿಲ್ದಾಣಗಳು, ದೂರ ಸರಿದ ಮನೆಗಳು

ಹೈದರಾಬಾದಿನ ಶಂಷಾಬಾದಿನಿಂದ ಬೆಂಗಳೂರಿನ ದೇವನಹಳ್ಳಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ? ಟಿಕೆಟ್ ನೋಡಿದರೆ ಒಂದು ಗಂಟೆ ಹತ್ತೋ ಹದಿನೈದೋ ನಿಮಿಷ ಎಂದಿರುತ್ತದೆ. ಹತ್ತಿ ಕುಳಿತ ಮೇಲೆ ಪೈಲಟ್ ಮೈಕಿನಲ್ಲಿ ಹಾರಾಟದ ಅವಧಿ ನಲವತ್ತೈದು ನಿಮಿಷ ಎನ್ನುತ್ತಾರೆ. ಎರಡು ನಿಲ್ದಾಣಗಳ ನಡುವಿನ ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಬರುವುದು ಮೂವತ್ತಮೂರು ನಿಮಿಷ. ಕಾಚಿಗುಡದ ಮನೆಗೆ ಬೀಗ ಹಾಕಿದ ಗಳಿಗೆಯಿಂದ ಜಯನಗರದ ಮಗಳ ಮನೆಯ ಬಾಗಿಲು ತಟ್ಟುವವರೆಗೆ ಎಣಿಸಿದರೆ ಆರು ಗಂಟೆ. ಒಂದೇ ಪ್ರಯಾಣಕ್ಕೆ ನಾಲ್ಕು ಉತ್ತರ. ನಾಲ್ಕೂ ಸರಿಯಾದವೇ, ಏಕೆಂದರೆ ಒಂದೊಂದು ಲೆಕ್ಕವೂ ಬೇರೆ ಜಾಗದಿಂದ ಶುರುವಾಗಿ ಬೇರೆ ಜಾಗದಲ್ಲಿ ಮುಗಿಯುತ್ತದೆ.

ಈ ಲೆಕ್ಕಗಳನ್ನು ಬಿಡಿಸಿ ನೋಡುವುದು ಬರೀ ಕುತೂಹಲದ ಕೆಲಸವಲ್ಲ. ವಿಮಾನ ರದ್ದಾದಾಗ ನಿಮಗೆ ಸಿಗುವ ಪರಿಹಾರ, ಸರ್ಕಾರ ಟಿಕೆಟ್ ದರಕ್ಕೆ ಹಾಕುವ ಮಿತಿ, ಒಂದು ಜಿಲ್ಲೆಗೆ ವಿಮಾನ ಬರಬೇಕೋ ಬೇಡವೋ ಎಂಬ ತೀರ್ಮಾನ, ಇವೆಲ್ಲ ಇಂಥ ಅಳತೆಗಳ ಮೇಲೆಯೇ ನಿಂತಿವೆ. ಯಾವ ಅಳತೆಯನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದು ಪ್ರಯಾಣಿಕನಿಗೆ ಗೊತ್ತಿರಬೇಕು.

ಮೊದಲು ದೂರ. ಭೂಮಿ ದುಂಡಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಚಿಕ್ಕ ದಾರಿ ಗೋಡೆಯ ನಕ್ಷೆಯ ಮೇಲೆ ಎಳೆದ ಗೆರೆಯಲ್ಲ. ಗ್ಲೋಬಿನ ಮೇಲೆ ಎರಡು ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಯಾವ ದಾರಿ ಹಿಡಿಯುತ್ತದೋ ಅದೇ ಅತಿ ಚಿಕ್ಕದು. ಇದಕ್ಕೆ ಮಹಾವೃತ್ತದ ದೂರ ಎನ್ನುತ್ತಾರೆ. ದೂರದ ಊರುಗಳಿಗೆ ಇದನ್ನು ತ್ರಿಕೋನಮಿತಿಯಿಂದ ಲೆಕ್ಕ ಹಾಕಬೇಕು. ಹೈದರಾಬಾದ್–ಬೆಂಗಳೂರಿನಷ್ಟು ಹತ್ತಿರದ ಊರುಗಳಿಗೆ ಪೆನ್ಸಿಲ್ಲು, ಒಂದು ಹಾಳೆ, ಹೈಸ್ಕೂಲಿನ ಗಣಿತ ಸಾಕು.

ದೇವನಹಳ್ಳಿಯ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ 12 ಮಿನಿಟಿನಲ್ಲಿ. ಶಂಷಾಬಾದಿನದು 17 ಡಿಗ್ರಿ 14 ಮಿನಿಟು. ಇಲ್ಲಿ ಮಿನಿಟು ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು, ಕೋನದ ಅಳತೆ. ವ್ಯತ್ಯಾಸ 4 ಡಿಗ್ರಿ 2 ಮಿನಿಟು, ಅಂದರೆ 242 ಮಿನಿಟು. ಅಕ್ಷಾಂಶದ ಒಂದು ಮಿನಿಟಿಗೆ ಭೂಮಿಯ ಮೇಲೆ ಒಂದು ನಾಟಿಕಲ್ ಮೈಲಿ. ಹಡಗಿನವರು ಆ ಮೈಲಿಯನ್ನು ಹುಟ್ಟಿಸಿಕೊಂಡದ್ದೇ ಹೀಗೆ, ವಿಮಾನದವರು ಅದನ್ನು ಅವರಿಂದ ಪಡೆದರು. ಒಂದು ನಾಟಿಕಲ್ ಮೈಲಿ 1,852 ಮೀಟರ್. ಆದ್ದರಿಂದ ಹೈದರಾಬಾದ್ ನಿಲ್ದಾಣ ಬೆಂಗಳೂರಿನ ನಿಲ್ದಾಣಕ್ಕಿಂತ 242 ನಾಟಿಕಲ್ ಮೈಲಿ, ಅಂದರೆ ಸುಮಾರು 448 ಕಿ.ಮೀ. ಉತ್ತರಕ್ಕಿದೆ.

ಇನ್ನು ಪೂರ್ವ–ಪಶ್ಚಿಮ. ರೇಖಾಂಶದಲ್ಲಿ ದೇವನಹಳ್ಳಿ 77 ಡಿಗ್ರಿ 42 ಮಿನಿಟು, ಶಂಷಾಬಾದ್ 78 ಡಿಗ್ರಿ 26 ಮಿನಿಟು. ವ್ಯತ್ಯಾಸ 44 ಮಿನಿಟು. ರೇಖಾಂಶದ ಗೆರೆಗಳು ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ಅಕ್ಷಾಂಶದಲ್ಲಿ ಈ ಮಿನಿಟಿನ ಬೆಲೆ ನೂರಕ್ಕೆ ತೊಂಬತ್ತೇಳರಷ್ಟು ಮಾತ್ರ. ಹಾಗಾಗಿ ಸುಮಾರು 42 ನಾಟಿಕಲ್ ಮೈಲಿ, 78 ಕಿ.ಮೀ. ಇವೆರಡನ್ನೂ ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ತೆಗೆದುಕೊಂಡು ಪೈಥಾಗೊರಸನ ಪ್ರಮೇಯದಿಂದ ಕರ್ಣವನ್ನು ಕಂಡುಹಿಡಿದರೆ 246 ನಾಟಿಕಲ್ ಮೈಲಿ, ಸುಮಾರು 455 ಕಿ.ಮೀ. ಕಂಪ್ಯೂಟರ್ ಹೇಳುವ ಉತ್ತರಕ್ಕೂ ಇದಕ್ಕೂ ಒಂದು ಕಿಲೋಮೀಟರಿನಷ್ಟೇ ವ್ಯತ್ಯಾಸ.

ಈ ಗೆರೆ ಯಾವ ಯಾವ ಊರಿನ ಮೇಲೆ ಹಾದುಹೋಗುತ್ತದೆ ಎಂದು ನೋಡುವುದು ಒಂದು ಸಂತೋಷ. ದೇವನಹಳ್ಳಿ ಬಿಟ್ಟರೆ ನಂದಿಬೆಟ್ಟದ ಪಕ್ಕ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ. ಅಲ್ಲಿಂದ ಆಂಧ್ರ. ನಂದಿಯ ಸಾಲಿನಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಉತ್ತರ ಪಿನಾಕಿನಿಯನ್ನು ಈ ಗೆರೆ ತಾಡಪತ್ರಿಯ ಬಳಿ ದಾಟುತ್ತದೆ. ಕರ್ನೂಲನ್ನು ಎಡಕ್ಕೆ ಬಿಟ್ಟು, ತುಂಗಭದ್ರೆ ಕೃಷ್ಣೆಯನ್ನು ಸೇರುವ ಆಲಂಪುರದ ಆಸುಪಾಸಿನಲ್ಲಿ ಹಾದು ತೆಲಂಗಾಣ ಸೇರುತ್ತದೆ. ನೆಲದ ದಾರಿಗಳು ಇಷ್ಟು ನೇರವಾಗಿಲ್ಲ. ರಾಷ್ಟ್ರೀಯ ಹೆದ್ದಾರಿ 44 ಪಶ್ಚಿಮಕ್ಕೆ ಬಾಗಿ ಅನಂತಪುರ, ಗುತ್ತಿ, ಕರ್ನೂಲುಗಳನ್ನು ಮುಟ್ಟಿ ಬರುವುದರಿಂದ ಊರಿಂದ ಊರಿಗೆ ಸುಮಾರು 570 ಕಿ.ಮೀ. ಆಗುತ್ತದೆ. ರೈಲು ದಾರಿ 600 ಕಿ.ಮೀ. ದಾಟುತ್ತದೆ.

ವಿಮಾನವಾದರೂ ಆ ನೇರ ಗೆರೆಯ ಮೇಲೆ ಹಾರುತ್ತದೆಯೇ? ಇಲ್ಲ. ಅದಕ್ಕೆ ಮೊದಲ ಕಾರಣ ರನ್‌ವೇ. ದೇವನಹಳ್ಳಿಯ ಎರಡು ರನ್‌ವೇಗಳೂ, ಶಂಷಾಬಾದಿನ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿವೆ. ರನ್‌ವೇಯ ಒಂದು ತುದಿಯಲ್ಲಿ ಬರೆದಿರುವ 09 ಎಂದರೆ 90 ಡಿಗ್ರಿ, ಪೂರ್ವ ದಿಕ್ಕು. ಇನ್ನೊಂದು ತುದಿಯ 27 ಎಂದರೆ 270 ಡಿಗ್ರಿ, ಪಶ್ಚಿಮ. ನಮ್ಮ ಪ್ರಯಾಣವೋ ಹೆಚ್ಚುಕಡಿಮೆ ದಕ್ಷಿಣೋತ್ತರ. ಆದ್ದರಿಂದ ವಿಮಾನ ತಾನು ಹೋಗಬೇಕಾದ ದಿಕ್ಕಿಗೆ ಅಡ್ಡಲಾಗಿ ಏರುತ್ತದೆ, ಅಡ್ಡಲಾಗಿಯೇ ಇಳಿಯುತ್ತದೆ. ಏರಿದ ಮೇಲೆ ಒಂದು ಬಾರಿ, ಇಳಿಯುವ ಮೊದಲು ಇನ್ನೊಂದು ಬಾರಿ ದೊಡ್ಡ ತಿರುವು ತೆಗೆದುಕೊಳ್ಳಲೇಬೇಕು.

ರನ್‌ವೇಗಳನ್ನು ಹೀಗೆ ಹಾಕಿರುವುದು ಗಾಳಿಗಾಗಿ. ವಿಮಾನ ಎದುರುಗಾಳಿಗೆ ಮುಖ ಮಾಡಿ ಏರಿದರೆ, ಇಳಿದರೆ ಕಡಿಮೆ ಉದ್ದದ ರನ್‌ವೇ ಸಾಕಾಗುತ್ತದೆ, ಅಪಾಯವೂ ಕಡಿಮೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದ ಕಡೆಯಿಂದ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ ಬೀಸುತ್ತದೆ. ಆಷಾಢದಲ್ಲಿ ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಕಡೆಗೆ ಮುಖ ಮಾಡಿ ಏರುವ ವಿಮಾನ ಪುಷ್ಯದಲ್ಲಿ ಪೂರ್ವಕ್ಕೆ ಏರುವುದು ಇದೇ ಕಾರಣಕ್ಕೆ. ಯಾವ ಕಡೆಗೆ ಏರಿತು, ಯಾವ ಕಡೆಯಿಂದ ಇಳಿಯಲು ಹೇಳಿದರು ಎಂಬುದರ ಮೇಲೆ ಒಂದೇ ಮಾರ್ಗದ ಹಾರಾಟ ದಿನದಿಂದ ದಿನಕ್ಕೆ ಹತ್ತಾರು ಕಿಲೋಮೀಟರ್ ಹೆಚ್ಚುಕಡಿಮೆ ಆಗುತ್ತದೆ.

ಎರಡನೆಯ ಕಾರಣ ಆಕಾಶದ ರಸ್ತೆಗಳು. ಕೆಳಗಿನಿಂದ ನೋಡಿದರೆ ಬಯಲಾಗಿ ಕಾಣುವ ಆಕಾಶದಲ್ಲಿ ಗೊತ್ತುಮಾಡಿದ ಬಿಂದುಗಳೂ, ಅವನ್ನು ಕೂಡಿಸುವ ವಾಯುಮಾರ್ಗಗಳೂ ಇವೆ. ಎತ್ತರವನ್ನೂ ಹಂಚಿರುತ್ತಾರೆ. ಉತ್ತರದಿಂದ ಪೂರ್ವದ ಮೂಲಕ ದಕ್ಷಿಣದವರೆಗಿನ ಅರ್ಧವೃತ್ತದ ದಿಕ್ಕಿಗೆ ಹೋಗುವವರು 29,000, 31,000 ಅಡಿಯಂಥ ಬೆಸ ಸಂಖ್ಯೆಯ ಎತ್ತರದಲ್ಲಿ, ಇನ್ನರ್ಧಕ್ಕೆ ಹೋಗುವವರು 28,000, 30,000 ಅಡಿಯಂಥ ಸರಿ ಸಂಖ್ಯೆಯ ಎತ್ತರದಲ್ಲಿ ಹಾರಬೇಕು ಎಂಬುದು ಸಾಮಾನ್ಯ ನಿಯಮ. ಬೆಂಗಳೂರಿನಿಂದ ಹೈದರಾಬಾದಿಗೆ ದಿಕ್ಕು ನೇರ ಉತ್ತರಕ್ಕಿಂತ ಹತ್ತು ಡಿಗ್ರಿ ಪೂರ್ವಕ್ಕೆ ವಾಲಿದೆ. ಹಾಗಾಗಿ ಹೋಗುವಾಗ ಬೆಸ, ಬರುವಾಗ ಸರಿ. ಎದುರುಬದುರಾಗಿ ಬರುವ ಎರಡು ವಿಮಾನಗಳ ನಡುವೆ ಸದಾ ಸಾವಿರ ಅಡಿಯ ಅಂತರ ಉಳಿಯುವಂತೆ ಮಾಡಿರುವ ಏರ್ಪಾಡು ಇದು.

ಈಗ ಸಮಯಕ್ಕೆ ಬರೋಣ. ಈ ಮಾರ್ಗದಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ ಎ320 ಜಾತಿಯ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಸಾಗುತ್ತದೆ. 455 ಕಿ.ಮೀ.ಗೆ ಮೂವತ್ತಮೂರು ನಿಮಿಷ ಬಂದದ್ದು ಈ ವೇಗದಿಂದ. ಆದರೆ ಇಷ್ಟು ಚಿಕ್ಕ ಹಾರಾಟದಲ್ಲಿ ಆ ವೇಗ ಸಿಗುವುದೇ ಕೆಲವು ನಿಮಿಷ. ಇಳಿಯುವುದಕ್ಕೆ ಪೈಲಟ್‌ಗಳು ಬಳಸುವ ಒಂದು ಸುಲಭ ಸೂತ್ರವಿದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. ಶಂಷಾಬಾದ್ ನಿಲ್ದಾಣ ಸಮುದ್ರಮಟ್ಟದಿಂದ 617 ಮೀಟರ್, ಅಂದರೆ ಸುಮಾರು ಎರಡು ಸಾವಿರ ಅಡಿ ಎತ್ತರದಲ್ಲಿದೆ. 31,000 ಅಡಿಯಿಂದ ಅಲ್ಲಿಗೆ 29,000 ಅಡಿ ಇಳಿಯಬೇಕು. ಮೂರರಿಂದ ಗುಣಿಸಿದರೆ 87 ನಾಟಿಕಲ್ ಮೈಲಿ, 160 ಕಿ.ಮೀ. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. 455ರಲ್ಲಿ ಏರಿಳಿತಕ್ಕೇ 320 ಕಿ.ಮೀ. ಹೋಯಿತು. ಸಮತಟ್ಟಾಗಿ ಹಾರಲು ಉಳಿದದ್ದು 135 ಕಿ.ಮೀ., ಹತ್ತೇ ನಿಮಿಷ. ಗಗನಸಖಿಯರು ತಳ್ಳುಗಾಡಿ ಹಿಡಿದು ಅಷ್ಟು ಅವಸರದಲ್ಲಿ ಬಂದು ಹೋಗುವುದು ಇದರಿಂದಾಗಿ.

ಇದಲ್ಲದೆ ಹತ್ತು ಸಾವಿರ ಅಡಿಗಿಂತ ಕೆಳಗೆ ವೇಗಕ್ಕೆ ಮಿತಿಯಿದೆ: 250 ನಾಟ್, ಗಂಟೆಗೆ 463 ಕಿ.ಮೀ. ಎರಡು ತಿರುವುಗಳು, ಕೆಳಗಿನ ನಿಧಾನ, ಕೊನೆಯ ಹತ್ತಿಪ್ಪತ್ತು ಕಿಲೋಮೀಟರ್ ರನ್‌ವೇಗೆ ನೇರವಾಗಿ ಬಂದು ಇಳಿಯುವ ಶಿಸ್ತು ಎಲ್ಲ ಸೇರಿ ಮೂವತ್ತಮೂರು ನಿಮಿಷ ನಲವತ್ತೈದು, ಐವತ್ತಾಗುತ್ತದೆ. ಮುಂದೆ ಬೇರೆ ವಿಮಾನಗಳು ಸಾಲುಗಟ್ಟಿದ್ದರೆ ವಾಯು ಸಂಚಾರ ನಿಯಂತ್ರಕರು (ಎಟಿಸಿ) ಆಕಾಶದಲ್ಲೇ ಸುತ್ತು ಹಾಕಿಸುತ್ತಾರೆ. ಆಗ ಒಂದು ಗಂಟೆಯೂ ಆದೀತು. ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮಾತ್ರ. ಆದರೂ ಇಷ್ಟು ದೂರಕ್ಕೆ ಜೆಟ್‌ಗಿಂತ ಅದು ಹಿಂದೆ ಬೀಳುವುದು ಇಪ್ಪತ್ತು ನಿಮಿಷದಷ್ಟು. ಚಿಕ್ಕ ಮಾರ್ಗದಲ್ಲಿ ಎಂಜಿನ್ನಿನ ವೇಗದಿಂದ ಉಳಿಯುವ ಹೊತ್ತು ಬಲು ಕಡಿಮೆ.

ದೂರದ ಹಾರಾಟದಲ್ಲಿ ಗಾಳಿಯೇ ಸಮಯವನ್ನು ತೀರ್ಮಾನಿಸುತ್ತದೆ. ಹೈದರಾಬಾದಿನಿಂದ ದುಬೈಗೆ ಸುಮಾರು 2,550 ಕಿ.ಮೀ. ಹೋಗುವಾಗ ನಾಲ್ಕು ಗಂಟೆಯ ಹತ್ತಿರ, ಬರುವಾಗ ಮೂರೂವರೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಹೋಗುವಾಗ ತಡೆಯುತ್ತದೆ, ಬರುವಾಗ ತಳ್ಳುತ್ತದೆ. ಹಾರುವ ದೂರವೂ ನೇರ ಗೆರೆಗಿಂತ ಬಹಳ ಹೆಚ್ಚಬಹುದು. 2021ರ ಜನವರಿ 11ರಂದು ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ತಂದರು. ಎರಡು ಊರುಗಳ ನಡುವಿನ ಮಹಾವೃತ್ತದ ದೂರ ಸುಮಾರು 14,000 ಕಿ.ಮೀ. ಹಾರಿದ್ದು ಸುಮಾರು 16,000 ಕಿ.ಮೀ. ಎಂದು ಅಂದು ವರದಿಯಾಯಿತು. ಗಾಳಿಯ ಮಾತಿಗೆ ಮರಳಿದರೆ, ಹೈದರಾಬಾದ್–ಬೆಂಗಳೂರು ಮಾರ್ಗ ದಕ್ಷಿಣೋತ್ತರವಾಗಿರುವುದರಿಂದ ಪೂರ್ವ–ಪಶ್ಚಿಮದ ಗಾಳಿ ಪಕ್ಕದಿಂದ ತಾಗುತ್ತದೆ. ಹೋಗಿಬರುವ ಸಮಯಗಳಲ್ಲಿ ದೊಡ್ಡ ವ್ಯತ್ಯಾಸ ಕಾಣದಿರುವುದು ಇದಕ್ಕೆ.

ಹಾಗಾದರೆ ಟಿಕೆಟ್ಟಿನ ಒಂದೂಕಾಲು ಗಂಟೆ ಎಲ್ಲಿಂದ ಬಂತು? ಅದಕ್ಕೆ ವಿಮಾನಯಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ವಿಮಾನ ಜರುಗದಂತೆ ಚಕ್ರಕ್ಕೆ ಇಟ್ಟ ಅಡ್ಡಗಟ್ಟೆಯನ್ನು ತೆಗೆದ ಕ್ಷಣದಿಂದ ಇಳಿದ ಮೇಲೆ ಮತ್ತೆ ಇಡುವ ಕ್ಷಣದವರೆಗಿನ ಸಮಯ ಅದು. ಹೊರಡುವ ಮೊದಲು ರನ್‌ವೇ ತುದಿಯವರೆಗೆ ಉರುಳಿಕೊಂಡು ಹೋಗುವುದು, ಸರದಿಯಲ್ಲಿ ಕಾಯುವುದು, ಇಳಿದ ಮೇಲೆ ಗೇಟಿನವರೆಗೆ ಬರುವುದು ಎಲ್ಲ ಇದರಲ್ಲಿ ಸೇರುತ್ತದೆ. ಇದರ ಮೇಲೆ ಸಂಸ್ಥೆಗಳು ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನೂ ಸೇರಿಸಿಕೊಳ್ಳುತ್ತವೆ. ವೇಳಾಪಟ್ಟಿಗಿಂತ ಹದಿನೈದು ನಿಮಿಷದೊಳಗಿನ ವ್ಯತ್ಯಾಸವನ್ನು ಸಕಾಲವೆಂದೇ ಎಣಿಸುವ ರೂಢಿಯಿದೆ. ಪಟ್ಟಿಯಲ್ಲೇ ಹೆಚ್ಚು ನಿಮಿಷ ಬರೆದುಕೊಂಡರೆ ಸಕಾಲಕ್ಕೆ ತಲುಪಿದ ಲೆಕ್ಕ ಚೆನ್ನಾಗಿ ಕಾಣುತ್ತದೆ. ಹತ್ತು ನಿಮಿಷ ಮೊದಲೇ ಇಳಿದೆವೆಂದು ನಾವು ಖುಷಿಪಡುವಾಗ ಆ ಹತ್ತು ನಿಮಿಷ ಪಟ್ಟಿಯಲ್ಲಿ ಮೊದಲೇ ಇದ್ದದ್ದು ಎಂದು ತಿಳಿದಿರಬೇಕು.

ಈ ಬ್ಲಾಕ್ ಟೈಮಿಗೆ ಕಾನೂನಿನ ಬೆಲೆಯೂ ಇದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪ್ರಯಾಣಿಕರಿಗೆ ಕೊಡಬೇಕಾದ ಪರಿಹಾರವನ್ನು ಇದರ ಮೇಲೆಯೇ ನಿಗದಿ ಮಾಡಿದೆ. ಮೊದಲೇ ತಿಳಿಸದೆ ವಿಮಾನ ರದ್ದು ಮಾಡಿದರೆ, ಬ್ಲಾಕ್ ಟೈಮ್ ಒಂದು ಗಂಟೆಯವರೆಗೆ ಇದ್ದಲ್ಲಿ ₹5,000, ಒಂದರಿಂದ ಎರಡು ಗಂಟೆ ಇದ್ದಲ್ಲಿ ₹7,500, ಎರಡು ಗಂಟೆ ಮೀರಿದರೆ ₹10,000. ಈ ಮೊತ್ತ ಅಥವಾ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ಸಂಸ್ಥೆಯ ಕೈಮೀರಿದ ಕಾರಣವಿದ್ದರೆ ಇದು ಅನ್ವಯಿಸುವುದಿಲ್ಲ. ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯೇ ಆದರೂ ಹೈದರಾಬಾದ್–ಬೆಂಗಳೂರು ಪ್ರಯಾಣಿಕರು ಎರಡನೆಯ ವರ್ಗಕ್ಕೆ ಸೇರುತ್ತಾರೆ. ಬ್ಲಾಕ್ ಟೈಮ್ ಎರಡೂವರೆ ಗಂಟೆಯೊಳಗಿನ ವಿಮಾನ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಊಟ–ತಿಂಡಿ ಕೊಡಬೇಕೆಂಬ ನಿಯಮವೂ ಇದೆ. ಕೇಳಿ ಪಡೆಯುವುದು ಹಕ್ಕು.

ದರಕ್ಕೆ ಮಿತಿ ಹಾಕುವಾಗ ಸರ್ಕಾರ ಸಮಯ, ದೂರ ಎರಡೂ ಅಳತೆಗಳನ್ನು ಬಳಸಿದೆ. ಕೋವಿಡ್ ಕಾಲದಲ್ಲಿ 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ ಹಾರಾಟದ ಅವಧಿಯನ್ನು ನೋಡಿ ಏಳು ವರ್ಗ ಮಾಡಿ ದರ ಕಟ್ಟಿದ್ದರು. 2025ರ ಡಿಸೆಂಬರ್‌ನಲ್ಲಿ ಸಾಲುಸಾಲು ವಿಮಾನಗಳು ರದ್ದಾಗಿ ದರ ಗಗನಕ್ಕೇರಿದಾಗ ಸಮಯವನ್ನು ಬಿಟ್ಟು ದೂರವನ್ನು ಹಿಡಿದರು: 500 ಕಿ.ಮೀ.ವರೆಗೆ ₹7,500, 1,000 ಕಿ.ಮೀ.ವರೆಗೆ ₹12,000, ಅದರಾಚೆಗೆ ದೂರಕ್ಕೆ ತಕ್ಕಂತೆ ₹15,000 ಅಥವಾ ₹18,000. ಶಂಷಾಬಾದ್–ದೇವನಹಳ್ಳಿಯ 455 ಕಿ.ಮೀ. ಮೊದಲ ವರ್ಗಕ್ಕೆ ಸೇರಿತು.

ಇಲ್ಲಿ ಒಂದು ವಿಶೇಷವಿದೆ. 2008ಕ್ಕೆ ಮೊದಲು ಇದೇ ಎರಡು ನಗರಗಳ ವಿಮಾನ ನಿಲ್ದಾಣಗಳ ನಡುವಿನ ದೂರ 500 ಕಿ.ಮೀ. ಮೀರಿತ್ತು. ಆಗ ಹೈದರಾಬಾದಿನ ನಿಲ್ದಾಣ ಬೇಗಂಪೇಟೆಯಲ್ಲಿತ್ತು, ಬೆಂಗಳೂರಿನದು ಎಚ್‌ಎಎಲ್‌ನಲ್ಲಿ. ಎರಡರ ನಡುವೆ ಸುಮಾರು 505 ಕಿ.ಮೀ. 2008ರ ಮಾರ್ಚ್ 23ಕ್ಕೆ ಶಂಷಾಬಾದ್ ಶುರುವಾಯಿತು, ಎರಡು ತಿಂಗಳ ಬಳಿಕ ಮೇ 24ಕ್ಕೆ ದೇವನಹಳ್ಳಿ. ಹೈದರಾಬಾದ್ ತನ್ನ ಹೊಸ ನಿಲ್ದಾಣವನ್ನು ಊರಿನ ದಕ್ಷಿಣಕ್ಕೆ ಕಟ್ಟಿತು, ಬೆಂಗಳೂರು ಉತ್ತರಕ್ಕೆ. ಎರಡೂ ಒಂದನ್ನೊಂದು ನೋಡುವ ದಿಕ್ಕಿಗೇ ಸರಿದವು. ಎರಡು ತಿಂಗಳಲ್ಲಿ ಎರಡು ನಗರಗಳ ವಿಮಾನ ನಿಲ್ದಾಣಗಳು ಆಕಾಶದಲ್ಲಿ 50 ಕಿ.ಮೀ. ಹತ್ತಿರ ಬಂದವು.

ನೆಲದ ಮೇಲೆ ಆದದ್ದು ಬೇರೆ. ಕಾಚಿಗುಡದಿಂದ ಬೇಗಂಪೇಟೆಗೆ ಹತ್ತು ಕಿಲೋಮೀಟರ್, ಎಚ್‌ಎಎಲ್‌ನಿಂದ ಜಯನಗರಕ್ಕೆ ಹನ್ನೆರಡರಷ್ಟು. ಈಗ ಕಾಚಿಗುಡದಿಂದ ಶಂಷಾಬಾದಿಗೆ ಇಪ್ಪತ್ತೈದಕ್ಕೂ ಹೆಚ್ಚು, ದೇವನಹಳ್ಳಿಯಿಂದ ಜಯನಗರಕ್ಕೆ ನಲವತ್ತಕ್ಕೂ ಹೆಚ್ಚು. ಎರಡು ತುದಿಗೂ ಸೇರಿ ನೆಲದ ದಾರಿ ಸುಮಾರು 45 ಕಿ.ಮೀ. ಬೆಳೆಯಿತು. ಆಕಾಶದಲ್ಲಿ ಉಳಿದ 50 ಕಿ.ಮೀ.ಯನ್ನು ವಿಮಾನ ನಾಲ್ಕೇ ನಿಮಿಷದಲ್ಲಿ ದಾಟುತ್ತದೆ. ನೆಲದ ಮೇಲೆ ಹೆಚ್ಚಿದ 45 ಕಿ.ಮೀ. ಹೆಬ್ಬಾಳದ ಸಂದಣಿಯಲ್ಲಿ, ಶಂಷಾಬಾದಿನ ದಾರಿಯಲ್ಲಿ ಒಂದೂವರೆ ಗಂಟೆ ನುಂಗುತ್ತದೆ.

ಹಳೆಯ ನಿಲ್ದಾಣಗಳು ಸಾಕಾಗಿದ್ದವು ಎಂದು ನಾನು ವಾದಿಸುತ್ತಿಲ್ಲ. ಅವು ಮನೆಗಳ ನಡುವೆ ಸಿಕ್ಕಿಕೊಂಡಿದ್ದವು, ಬೆಳೆಯಲು ಜಾಗವಿರಲಿಲ್ಲ. ಶಂಷಾಬಾದಿನ ಮೊದಲ ರನ್‌ವೇ 4,260 ಮೀಟರ್, ದೇವನಹಳ್ಳಿಯ ರನ್‌ವೇಗಳು 4,000 ಮೀಟರ್. ಅಂಥ ಉದ್ದವನ್ನು ನಗರದ ಹೊಟ್ಟೆಯಲ್ಲಿ ಹುಡುಕಲಾಗದು. ಈ ದಖ್ಖನ್ನಿನ ವಿಮಾನ ಇತಿಹಾಸ ಬಹಳ ಚಿಕ್ಕದಾಗಿ ಶುರುವಾದದ್ದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತು ತಂದಾಗ, ಅದನ್ನು ಮುಂದೆ ಮದ್ರಾಸಿಗೆ ನೆವಿಲ್ ವಿನ್ಸೆಂಟ್ ಒಯ್ದದ್ದು ನಮ್ಮ ಬಳ್ಳಾರಿಯ ಮಾರ್ಗವಾಗಿ. 1945ರಲ್ಲಿ ನಿಜಾಮರ ಸರ್ಕಾರವೂ ಟಾಟಾ ಸಂಸ್ಥೆಯೂ ಸೇರಿ ಡೆಕ್ಕನ್ ಏರ್‌ವೇಸ್ ಕಟ್ಟಿದವು. ಅದರ ಡಕೋಟಾ ವಿಮಾನಗಳು ಬೇಗಂಪೇಟೆಯಿಂದ ಹಾರಿದವು. 1953ರಲ್ಲಿ ಅದು ರಾಷ್ಟ್ರೀಕರಣಗೊಂಡಿತು. ಅಂದಿನ ಅಗತ್ಯಕ್ಕೆ ಕಟ್ಟಿದ್ದು ಇಂದಿಗೆ ಸಾಲದಾದದ್ದು ಸಹಜ. ನನ್ನ ಮಾತು ಇಷ್ಟೇ: ಆಕಾಶದಲ್ಲಿ ಉಳಿಸಿದ್ದನ್ನು ನೆಲದಲ್ಲಿ ಕಳೆದುಕೊಂಡಿದ್ದೇವೆ, ಆ ನಷ್ಟವನ್ನು ತುಂಬಿಕೊಳ್ಳುವ ಕೆಲಸ ಹದಿನೈದಕ್ಕೂ ಹೆಚ್ಚು ವರ್ಷ ಕಳೆದರೂ ಮುಗಿದಿಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಇದು ದಿನನಿತ್ಯದ ವಿಷಯ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಓದು, ನೌಕರಿ, ವ್ಯಾಪಾರಕ್ಕೆಂದು ಆ ಜಿಲ್ಲೆಗಳಿಂದ ಹೋದವರು ಅಲ್ಲೇ ನೆಲೆಸಿ, ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿದರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ. ಮದುವೆ, ಮುಂಜಿ, ಆಸ್ಪತ್ರೆ, ಹೆರಿಗೆ ಎಂದು ಎರಡೂ ಊರುಗಳ ನಡುವೆ ಓಡಾಟ ನಿಲ್ಲುವುದಿಲ್ಲ. ಅಂಥ ಕುಟುಂಬದ ಹಿರಿಯರೊಬ್ಬರ ಲೆಕ್ಕ ಹಾಕಿ ನೋಡಿ. ಮನೆಯಿಂದ ಶಂಷಾಬಾದಿಗೆ ಒಂದು ಗಂಟೆ. ಚೆಕ್‌ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ತಪಾಸಣೆಯ ಸಾಲನ್ನೂ ಎಣಿಸಿ ಒಂದೂವರೆ ಗಂಟೆ. ಬ್ಲಾಕ್ ಟೈಮ್ ಒಂದೂಕಾಲು. ಸಾಮಾನು ಬರಲು, ಹೊರಬಂದು ವಾಯುವಜ್ರ ಬಸ್ಸೋ ಕಾರೋ ಹಿಡಿಯಲು ಅರ್ಧ. ಅಲ್ಲಿಂದ ಜಯನಗರಕ್ಕೆ ಒಂದೂಮುಕ್ಕಾಲು. ಒಟ್ಟು ಆರು ಗಂಟೆ. ಇದರಲ್ಲಿ ವಿಮಾನ ಗಾಳಿಯಲ್ಲಿದ್ದದ್ದು ಎಂಟರಲ್ಲಿ ಒಂದು ಪಾಲು.

2023ರ ಸೆಪ್ಟೆಂಬರ್ 24ರಂದು ಶುರುವಾದ ಕಾಚಿಗುಡ–ಯಶವಂತಪುರ ವಂದೇ ಭಾರತ್ ರೈಲು ಇದೇ ಪ್ರಯಾಣವನ್ನು ಸುಮಾರು ಎಂಟೂವರೆ ಗಂಟೆಯಲ್ಲಿ ಮುಗಿಸುತ್ತದೆ. ಎರಡು ತುದಿಯ ಓಡಾಟವನ್ನು ಸೇರಿಸಿದರೆ ಹತ್ತು ಗಂಟೆ. ಟಿಕೆಟ್ ಮೇಲಿನ ಅಂಕಿ ನೋಡಿದರೆ ವಿಮಾನ ಏಳು ಗಂಟೆಗೂ ಹೆಚ್ಚು ಉಳಿಸುತ್ತದೆ ಎನಿಸುತ್ತದೆ. ಮನೆಯಿಂದ ಮನೆಗೆ ಉಳಿಯುವುದು ನಾಲ್ಕೇ ಗಂಟೆ. ಕಾಚಿಗುಡ ಮತ್ತು ಯಶವಂತಪುರದ ಹತ್ತಿರವೇ ಮನೆಯಿದ್ದವರಿಗೆ ಇನ್ನೂ ಕಡಿಮೆ. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಊರುಗಳಿಗೆ ದೇಶದೊಳಗಿನ ವಿಮಾನವನ್ನೇ ನಿಲ್ಲಿಸುವ ನಿಯಮವನ್ನು ಫ್ರಾನ್ಸ್ 2023ರಲ್ಲಿ ಜಾರಿಗೆ ತಂದಿತು. ನಮ್ಮಲ್ಲಿ ಅಂಥ ವೇಗದ ರೈಲು ಇನ್ನೂ ಇಲ್ಲ. ಇದ್ದಿದ್ದರೆ ಈ ಮಾರ್ಗದಲ್ಲಿ ಆಯ್ಕೆ ಮಾಡುವುದು ಸುಲಭವಾಗುತ್ತಿತ್ತು.

ಆಕಾಶದ ಗೆರೆಯನ್ನೇ ನಂಬಿ ನೆಲದ ಜನರನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಬೀದರ್ ಸಾಕ್ಷಿ. 2004ರಲ್ಲಿ ಹೈದರಾಬಾದ್ ಮತ್ತು ಬೆಂಗಳೂರಿನ ಹೊಸ ನಿಲ್ದಾಣಗಳಿಗೆ ಕೇಂದ್ರ ಸರ್ಕಾರ ಮಾಡಿಕೊಂಡ ಒಪ್ಪಂದಗಳಲ್ಲಿ ಒಂದು ಷರತ್ತಿದೆ. ನಿಲ್ದಾಣ ಶುರುವಾದ ಇಪ್ಪತ್ತೈದು ವರ್ಷದವರೆಗೆ, ಅಂದರೆ 2033ರವರೆಗೆ, ಆಕಾಶದ ನೇರ ಗೆರೆಯ ಅಳತೆಯಲ್ಲಿ 150 ಕಿ.ಮೀ. ಒಳಗೆ ಪೈಪೋಟಿಗೆ ಬೇರೆ ನಿಲ್ದಾಣಕ್ಕೆ ಅವಕಾಶವಿಲ್ಲ. ಬೆಂಗಳೂರಿನ ಒಪ್ಪಂದದಲ್ಲಿ ಮೈಸೂರು ಮತ್ತು ಹಾಸನಕ್ಕೆ ವಿನಾಯಿತಿ ಕೊಟ್ಟಿದ್ದರು. ಬೀದರ್ ಶಂಷಾಬಾದಿನಿಂದ ಆಕಾಶದಲ್ಲಿ ಸುಮಾರು 125 ಕಿ.ಮೀ. ಅಲ್ಲಿ ವಾಯುಪಡೆಯ ರನ್‌ವೇ ಮೊದಲಿನಿಂದಲೂ ಇದೆ. ಆದರೂ ಈ ಷರತ್ತಿನ ನೆಪದಲ್ಲಿ ನಾಗರಿಕ ವಿಮಾನ ವರ್ಷಗಟ್ಟಲೆ ಬರಲಿಲ್ಲ. ಬೀದರಿನವರು ರಸ್ತೆಯಲ್ಲಿ ಮೂರು ಗಂಟೆ ಪಕ್ಕದ ರಾಜ್ಯಕ್ಕೆ ಹೋಗಿ, ಅಲ್ಲಿಂದ ತಮ್ಮದೇ ರಾಜಧಾನಿಗೆ ಹಾರಬೇಕಾಯಿತು. ಕೊನೆಗೆ 2020ರ ಫೆಬ್ರುವರಿ 7ರಂದು ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಬೀದರ್–ಬೆಂಗಳೂರು ವಿಮಾನ ಶುರುವಾಯಿತು. ನೇರ ದೂರ ಸುಮಾರು 520 ಕಿ.ಮೀ. ಆ ಸೇವೆಯೂ ನಡುನಡುವೆ ನಿಂತು ಮತ್ತೆ ಹೊರಟಿದೆ. ನಕ್ಷೆಯ ಮೇಲೆ ಕೈವಾರ ಹಿಡಿದು ಎಳೆದ ಒಂದು ವೃತ್ತ ಒಂದು ಇಡೀ ಜಿಲ್ಲೆಯನ್ನು ಕಾಯಿಸಿತು. ಆ 150 ಕಿ.ಮೀ.ಯನ್ನು ಬೀದರಿನ ರೈತನೋ ರೋಗಿಯೋ ರಸ್ತೆಯಲ್ಲಿ ಎಷ್ಟು ಹೊತ್ತಿನಲ್ಲಿ ದಾಟುತ್ತಾನೆ ಎಂದು ಒಪ್ಪಂದ ಬರೆದವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗ ಅದೇ ತಪ್ಪನ್ನು ತಪ್ಪಿಸಿಕೊಳ್ಳುವ ಅವಕಾಶ ಮತ್ತೆ ಬಂದಿದೆ. ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಎಲ್ಲಿ ಎಂಬ ಚರ್ಚೆಯಲ್ಲಿ ಕನಕಪುರ ರಸ್ತೆಯ ಜಾಗಗಳೂ, ನೆಲಮಂಗಲ–ಕುಣಿಗಲ್ ಕಡೆಯ ಜಾಗವೂ ಇವೆ. ಕನಕಪುರ ರಸ್ತೆಯಲ್ಲಿ ಕಟ್ಟಿದರೆ ಶಂಷಾಬಾದಿಗೆ ದೂರ ಮತ್ತೆ 500 ಕಿ.ಮೀ. ದಾಟುತ್ತದೆ, ಹಾರಾಟಕ್ಕೆ ನಾಲ್ಕೈದು ನಿಮಿಷ ಹೆಚ್ಚುತ್ತದೆ. ಆದರೆ ಜಯನಗರ, ಬನಶಂಕರಿ, ಕೆಂಗೇರಿಯವರಿಗೆ ನೆಲದ ಮೇಲೆ ಒಂದು ಗಂಟೆಗಿಂತ ಹೆಚ್ಚು ಉಳಿಯುತ್ತದೆ. ಅದೇ ಜಾಗ ಯಲಹಂಕ, ಹೆಬ್ಬಾಳದವರಿಗೆ ದೂರ. ಹಾಗಾಗಿ ಜಾಗ ಆರಿಸುವ ವರದಿಯಲ್ಲಿ ರನ್‌ವೇ ಉದ್ದ, ಬಂಡೆ, ಬೆಟ್ಟ, ಭೂಮಿಯ ಬೆಲೆಗಳ ಜೊತೆಗೆ ನಗರದ ಪ್ರತಿ ಭಾಗದಿಂದ ಅಲ್ಲಿಗೆ ಬೆಳಿಗ್ಗೆ ಎಷ್ಟು ಹೊತ್ತು, ಸಂಜೆ ಎಷ್ಟು ಹೊತ್ತು ಎಂಬ ಪಟ್ಟಿಯೂ ಇರಬೇಕು. ಅದನ್ನು ಜನರ ಮುಂದೆ ಇಡಬೇಕು.

ಇರುವ ನಿಲ್ದಾಣಗಳ ದಾರಿಯನ್ನು ಸರಿಮಾಡುವುದು ಇನ್ನೂ ತುರ್ತಿನ ಕೆಲಸ. ಹೈದರಾಬಾದಿನಲ್ಲಿ ಮೆಹದಿಪಟ್ಟಣದಿಂದ ಆರಾಂಘರ್‌ವರೆಗಿನ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ 2009ರಲ್ಲಿ ತೆರೆದು ಕಾರಿನವರಿಗೆ ಅನುಕೂಲವಾಯಿತು. ಮೆಟ್ರೊ ಇನ್ನೂ ಬಂದಿಲ್ಲ. 2022ರ ಡಿಸೆಂಬರ್ 9ರಂದು ರಾಯದುರ್ಗಂನಿಂದ ಶಂಷಾಬಾದಿಗೆ ಮೆಟ್ರೊಗೆ ಶಂಕುಸ್ಥಾಪನೆ ಆಯಿತು. ಸರ್ಕಾರ ಬದಲಾದ ಮೇಲೆ ಆ ಮಾರ್ಗ ಬಿಟ್ಟು ನಾಗೋಲ್ ಕಡೆಯಿಂದ ಹೊಸ ಮಾರ್ಗದ ಯೋಜನೆ ಬಂತು. ಬೆಂಗಳೂರಿನಲ್ಲಿ ಕೆ.ಆರ್. ಪುರದಿಂದ ದೇವನಹಳ್ಳಿ ನಿಲ್ದಾಣದವರೆಗೆ ನೀಲಿ ಮಾರ್ಗದ ಕೆಲಸ ಕಂಬಗಳ ಮೇಲೆ ಕಾಣುತ್ತಿದೆ. 2021ರ ಜನವರಿಯಿಂದ ಚಿಕ್ಕಬಳ್ಳಾಪುರ ರೈಲು ಮಾರ್ಗದಲ್ಲಿ ವಿಮಾನ ನಿಲ್ದಾಣದ ಹೆಸರಿನ ಒಂದು ಹಾಲ್ಟ್ ಇದೆ, ಅಲ್ಲಿ ನಿಲ್ಲುವ ರೈಲುಗಳು ಕೆಲವೇ. ನಿಲ್ದಾಣದ ಒಳಗಿನ ಸಾಲನ್ನು ಕಡಿಮೆ ಮಾಡಲು ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಬಂದಿದೆ, ಅದು ಕೆಲವು ನಿಮಿಷ ಉಳಿಸುತ್ತದೆ. ಉಳಿದದ್ದೆಲ್ಲ ಹೊರಗಿನ ರಸ್ತೆಯಲ್ಲಿದೆ.

ಪ್ರಯಾಣಿಕರಿಗೆ ಎರಡು ಮಾತು. ಟಿಕೆಟ್ ಕೊಳ್ಳುವ ಮುನ್ನ ಮನೆಯ ಬಾಗಿಲಿನಿಂದ ಸೇರಬೇಕಾದ ಮನೆಯ ಬಾಗಿಲಿನವರೆಗೆ ಲೆಕ್ಕ ಹಾಕಿ, ಆಮೇಲೆ ವಿಮಾನವೋ ರೈಲೋ ಬಸ್ಸೋ ನಿರ್ಧರಿಸಿ. ವಿಮಾನ ರದ್ದಾದರೆ, ತಡವಾದರೆ ಟಿಕೆಟ್ಟಿನಲ್ಲಿ ಬರೆದ ಬ್ಲಾಕ್ ಟೈಮನ್ನು ತೋರಿಸಿ ನಿಯಮದ ಪ್ರಕಾರ ಬರಬೇಕಾದ್ದನ್ನು ಕೇಳಿ. ಸರ್ಕಾರಗಳಿಗೆ ಒಂದೇ ಮಾತು. 455 ಕಿ.ಮೀ. ಆಕಾಶದಲ್ಲಿ ಇನ್ನು ಉಳಿಸಲು ಹೆಚ್ಚೇನೂ ಇಲ್ಲ. ಉಳಿಸಬೇಕಾದ ಸಮಯವೆಲ್ಲ ಎರಡು ತುದಿಗಳ ಎಪ್ಪತ್ತು ಕಿಲೋಮೀಟರ್ ನೆಲದಲ್ಲಿದೆ. ಎರಡೂ ನಗರಗಳ ಮೆಟ್ರೊವನ್ನು ನಿಲ್ದಾಣದ ಬಾಗಿಲಿಗೆ ಮುಟ್ಟಿಸಿ, ಹಾಲ್ಟ್‌ನಲ್ಲಿ ಗಂಟೆಗೊಂದು ರೈಲು ನಿಲ್ಲಿಸಿ, 150 ಕಿ.ಮೀ.ಯ ಷರತ್ತು 2033ರಲ್ಲಿ ಮುಗಿದಾಗ ಅದನ್ನು ಮತ್ತೆ ಬರೆಯಬೇಡಿ.